ಹಿಂದಿನ ಸೀಟಿನ ಸದ್ದು

ನಾನು ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸೊಸೆಯಾಗಿ ಬಂದ ವರ್ಷವೇ ಮಾವನವರು ಹೊಸ ಕಾರು ಕೊಂಡರು. ಆಗ ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಊರಿನಲ್ಲಿ ಅಂಥ ಕಾರು ಬೇರೆ ಇಲ್ಲ ಎಂದು ಅವರು ಹೇಳುತ್ತಿದ್ದರು. ಇದ್ದರೂ ಅವರ ಮುಂದೆ ಹೇಳುವವರು ಯಾರು? ಕಿರಾಣಿ ವ್ಯಾಪಾರದ ಮನುಷ್ಯ, ಎಲ್ಲದರಲ್ಲೂ ಕುಂದು ಹುಡುಕುವ ಕಣ್ಣು. ಈ ಸಲ ಹುಡುಕುವ ಕೆಲಸವೇ ಬೀಳಲಿಲ್ಲ. ಗಾಡಿ ಓಡಿದಾಗಲೆಲ್ಲ ಹಿಂದಿನಿಂದ ಕಿರ್ರ್, ಕಿರ್ರ್ ಎಂಬ ಸದ್ದು.

ಕಾರು ಮಾರಿದ ಹುಬ್ಬಳ್ಳಿಯ ಅಂಗಡಿಗೆ ಮಾವನವರೂ ನನ್ನ ಯಜಮಾನರೂ ಎರಡು ಸಲ ಹೋಗಿ ಬಂದರು. ಅಲ್ಲಿಯ ಮ್ಯಾನೇಜರು ತಾನೇ ಹಿಂದೆ ಕೂತು ಊರು ಸುತ್ತಿ, "ಸಪ್ಪಳ ಎಲ್ಲೈತ್ರಿ ಸಾವ್ಕಾರ್ರ?" ಎಂದನಂತೆ. ಮನೆಗೆ ಬಂದು ನಾವು ಹೆಂಗಸರು ಹತ್ತಿದರೆ ಮತ್ತೆ ಶುರು. ಮಾವನವರು ಸಿಟ್ಟಿನಿಂದ ಒಬ್ಬೊಬ್ಬರನ್ನೇ ಕೂರಿಸಿ ನೋಡಿದರು. ಅತ್ತೆಯವರು ಕೂತರೆ ಕಾರು ತೆಪ್ಪಗಿತ್ತು. ಅವರ ಮುಂದೆ ಯಾರೂ ಉಸಿರೆತ್ತುತ್ತಿರಲಿಲ್ಲ, ಕಾರಿನದೇನು. ನಾನು ಎಡಗಡೆ ಕೂತೆ, ಕಿರ್ರ್ ಎಂದಿತು.

"ಹಂಗಾರ ಈಕಿನ್ನ ಕರ್ಕೊಂಡ ಹೋಗೂದ," ಎಂದರು ಮಾವನವರು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಮನೆಯಲ್ಲಿ ಸೊಸೆ ತವರಿಗೆ ಹೋಗುವುದು ವರ್ಷಕ್ಕೊಂದೇ ಸಲ, ಪಂಚಮಿಗೆ. ಹೊರಡುವಾಗ ತವರಿನವರು ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬುತ್ತಾರೆ. ಉಡಿ ತುಂಬಿತೆಂದರೆ ಆ ವರ್ಷದ ತವರು ಮುಗಿಯಿತು. ನನ್ನ ಅವ್ವ ಅಣ್ಣನ ಮನೆಯಲ್ಲಿದ್ದಳು, ಕಾರಿನ ಅಂಗಡಿಯಿಂದ ಎರಡೇ ಓಣಿ ಆಚೆ.

ಅಂಗಡಿಯ ಮಿಸ್ತ್ರಿ ನನ್ನನ್ನು ಕೂರಿಸಿಕೊಂಡು ಸುತ್ತಿದ, ಸದ್ದು ಕೇಳಿದ. ಗಾಡಿ ಬಿಚ್ಚಬೇಕು, ಸಂಜೆಯಾಗುತ್ತದೆ ಎಂದ. ಮಾವನವರು ನನಗೆ ಅವ್ವನ ಹತ್ತಿರ ಹೋಗಿ ಬಾ ಎಂದರು. ಅವ್ವ ನನ್ನನ್ನು ಬಾಗಿಲಲ್ಲಿ ಕಂಡು ಗಾಬರಿಯಾದಳು, ಕಾರಣ ಕೇಳಿ ನಕ್ಕಳು. ಬಿಸಿ ರೊಟ್ಟಿ ಬಡಿದು ಹಾಕಿದಳು, ತಲೆ ಬಾಚಿದಳು. ಹೊರಡುವಾಗ ಅತ್ತಿಗೆ ಅಕ್ಕಿ ತಂದರೆ ತಡೆದಳು.

"ಉಡಿ ತುಂಬಬ್ಯಾಡ. ತುಂಬಿದ್ರ ಪಂಚಮಿಗೆ ಕಳಸೂದಿಲ್ಲ ಅವರು. ಈಕಿ ಬಂದಿಲ್ಲ, ಗಾಡಿ ಬಂದೈತಿ."

ಮಿಸ್ತ್ರಿ ಗಾಡಿಯ ಅಡಿಯ ಕಬ್ಬಿಣದ ಪಾಟಾಗಳಿಗೆ ಎಣ್ಣೆ ಬಿಟ್ಟಿದ್ದ. ಕಲಘಟಗಿ ಮುಟ್ಟುವ ಮೊದಲೇ ಸದ್ದು ಮರಳಿತು. ಮುಂದೆ ಮಾವನವರು ಬೈಯುತ್ತಿದ್ದರು, ಹಿಂದೆ ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದೆ. ಮುಂದಿನ ತಿಂಗಳು ಬಾಗಿಲು ಬಿಚ್ಚಿದರು, ಅದರ ಮುಂದಿನ ತಿಂಗಳು ಇನ್ನೇನನ್ನೋ. ಮಾವನವರ ಕಿರಾಣಿ ಅಂಗಡಿಗೆ ರಜೆಯೆಂದು ತಿಂಗಳ ಮೊದಲ ಸೋಮವಾರವೇ ನಮ್ಮ ಪ್ರಯಾಣ. ಮೂರು ಸೋಮವಾರ ಅವ್ವನ ಕೈಯ ರೊಟ್ಟಿ ತಿಂದೆ. ತಿಂದಷ್ಟೂ ಅವ್ವ ಬೇಕೆನ್ನಿಸುವುದು ಹೆಚ್ಚಿತೇ ಹೊರತು ತಣಿಯಲಿಲ್ಲ.

ನಾಲ್ಕನೆಯ ಸಲ ಮಿಸ್ತ್ರಿ ಸೀಟನ್ನೇ ಎತ್ತಿದ. ಅಡಿಯ ಒಂದು ಸ್ಪ್ರಿಂಗು, ಭಾರದವರು ಕೂತರೆ ಪೂರ್ತಿ ಕುಗ್ಗಿ ಸುಮ್ಮನಾಗುತ್ತಿತ್ತು. ನನ್ನಂಥ ಹಗುರಾದವಳು ಕೂತರೆ ಕಬ್ಬಿಣದ ಪಟ್ಟಿಗೆ ಉಜ್ಜುತ್ತಿತ್ತು. ಚರ್ಮದ ತುಂಡು ಸುತ್ತಿ ಬಿಗಿದ. ನನ್ನನ್ನು ಕೂರಿಸಿಕೊಂಡು ಮತ್ತೆ ಸುತ್ತಿದರು. ಪೇಟೆಯ ಗದ್ದಲದಲ್ಲಿ ಮುಂದೆ ಕೂತವರಿಗೆ ಏನೂ ತಿಳಿಯುವಂತಿರಲಿಲ್ಲ. ನಾನು ಹೇಳಿದ್ದೇ ತೀರ್ಪು.

"ಈಗ ಕೇಳಸ್ತೈತೇನ ತಂಗೀ?" ಎಂದು ಮಿಸ್ತ್ರಿ ತಿರುಗಿ ನೋಡಿದ. ವಯಸ್ಸಾದ ಮನುಷ್ಯ, ಮುಖದ ತುಂಬ ಬೆವರು.

"ಇಲ್ರಿ," ಎಂದುಬಿಟ್ಟೆ.

ಕೆಲಸ ಬೆಳಿಗ್ಗೆಯೇ ಮುಗಿದದ್ದರಿಂದ ಆವತ್ತು ಅವ್ವನ ಮನೆಗೆ ಹೋಗುವುದೂ ಆಗಲಿಲ್ಲ. ಮಾವನವರು ದಾರಿಯುದ್ದಕ್ಕೂ ಖುಷಿಯಾಗಿದ್ದರು. ನಾನು ಹಿಂದೆ ಸರಿದು ಕೂತೆ, ಮುಂದೆ ಬಾಗಿ ಕೂತೆ, ಯಾರೂ ನೋಡದಾಗ ಸೀಟನ್ನು ಗುದ್ದಿಯೂ ನೋಡಿದೆ. ಯಲ್ಲಾಪುರದವರೆಗೆ ಅದು ಸದ್ದು ಮಾಡಲಿಲ್ಲ.

ಪಂಚಮಿಗೆ ತವರಿಗೆ ಹೋದಾಗ ಸದ್ದು ನಿಂತು ಐದು ತಿಂಗಳಾಗಿತ್ತು. ಅವ್ವ ಪ್ರತಿ ತಿಂಗಳ ಮೊದಲ ಸೋಮವಾರ ಎರಡು ರೊಟ್ಟಿ ಹೆಚ್ಚಿಗೆ ಬಡಿದು ಬಾಗಿಲಲ್ಲಿ ಕೂರುತ್ತಿದ್ದಳೆಂದು ಅತ್ತಿಗೆ ಹೇಳಿದಳು. ನಾನು ಒಲೆಯ ಮುಂದೆ ಅವ್ವನ ಪಕ್ಕ ಕೂತು, ಮಿಸ್ತ್ರಿ ಕೇಳಿದ್ದು, ನಾನು ಇಲ್ಲವೆಂದದ್ದು ಎಲ್ಲ ಹೇಳಿದೆ. ಸುಳ್ಳಾಡಿದರೆ ನಾಲಿಗೆಗೆ ಬರೆ ಹಾಕುತ್ತೇನೆ ಎಂದು ನಮ್ಮನ್ನು ಬೆಳೆಸಿದವಳು ಅವಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಐತಿ ಅಂದಿದ್ರ ಏನಾಗ್ತಿತ್ತ," ಎಂದಳು.