ಲಿಫ್ಟಿನ ಪೂಜೆಯ ದಿನ

ಮೊನ್ನೆ ಹುಕ್ಕೇರಿಯಲ್ಲಿ ಹೊಸ ಕಟ್ಟಡವೊಂದರ ಮಾಳಿಗೆ ಹತ್ತಿ ಲಿಫ್ಟ್ ಕೋಣೆಯ ಬಾಗಿಲು ತೆಗೆದೆ. ಯಾರೋ ಪುಣ್ಯಾತ್ಮರು ಒಳಗೆ ಊದಿನಕಡ್ಡಿ ಹಚ್ಚಿಟ್ಟು ಹೋಗಿದ್ದರು. ಹೊಸ ಗ್ರೀಸಿನ ವಾಸನೆ, ಅದರ ಮೇಲೆ ಊದಿನಕಡ್ಡಿಯ ಹೊಗೆ... ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ, ಆದರೂ ಆ ವಾಸನೆಗೆ ಮಾತ್ರ ನಾನಿನ್ನೂ ಹೊಂದಿಕೊಂಡಿಲ್ಲ. ಅದು ಬಂದರೆ ಸಾಕು, ನನ್ನನ್ನು ಹಿಡಿದುಕೊಂಡು ನೇರ ಗೋಕಾಕಿಗೆ ಹೋಗಿ ಮೇಡಂ ಮುಂದೆ ನಿಲ್ಲಿಸುತ್ತದೆ.

ಆಗ ನಾನು ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ಕಾಲೇಜಿನಿಂದ ಇಂಟರ್ನ್‌ಶಿಪ್ಪಿಗೆ ಹಾಕಿದಾಗ ನನ್ನ ಜೊತೆಯವರೆಲ್ಲ ಕಾರ್ಖಾನೆಗಳಿಗೆ ಹೋದರು. ನನಗೆ ಸಿಕ್ಕಿದ್ದು ಕಟ್ಟಡಗಳಿಗೆ ಲಿಫ್ಟು, ಎಸಿ, ನೀರಿನ ಪಂಪು ಕೂಡಿಸುವ ಒಂದು ಸಣ್ಣ ಕಂಪನಿ. ಮಮದಾಪುರದಿಂದ ಮೊದಲ ಬಸ್ಸಿಗೆ ಬಂದು ಗೋಕಾಕಿನಲ್ಲಿ ಇಳಿಯುತ್ತಿದ್ದೆ. ಅಲ್ಲಿ ಒಂದು ದೊಡ್ಡ ಸೀರೆ ಅಂಗಡಿ ಏಳುತ್ತಿತ್ತು. ಅದರ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರೇ ಮೇಡಂ. ಅರಭಾವಿಯವರು. ಮೂವತ್ತೈದರ ಆಸುಪಾಸು, ಗಿಡ್ಡ ಆಳು, ಬಾಯಿ ಮಾತ್ರ ಜೋರು. ಪರ್ಸಿನ ತುಂಬ ಹುರಿದ ಶೇಂಗಾ. ಸಿಟ್ಟು ಬಂದರೆ ನಾನು 'ಏ ಹುಡುಗಿ', ಸಮಾಧಾನ ಇದ್ದರೆ 'ತಂಗಿ'. ಮೊದಲ ವಾರವೆಲ್ಲ ನಾನು ಹುಡುಗಿಯೇ ಆಗಿದ್ದೆ ಬಿಡಿ. ಜೋತಾಡುವ ಓಡಣಿ ಹಾಕಿಕೊಂಡು ಮಷಿನ್ ಹತ್ತಿರ ಬಂದೆನೆಂದು ಎಲ್ಲರೆದುರು ಅದನ್ನು ಕಿತ್ತು ಮಡಚಿ ನನ್ನ ಚೀಲಕ್ಕೆ ತುರುಕಿದ್ದರು. ನನಗೂ ಸಿಟ್ಟೇನು ಕಡಿಮೆಯಿಲ್ಲ, ಎರಡು ದಿನ ಅವರ ಶೇಂಗಾ ಮುಟ್ಟಲಿಲ್ಲ.

ಮೇಡಂಗೆ ಒಂದು ಪದ್ಧತಿ ಇತ್ತು. ತಾವು ಮಷಿನ್ನಿಗೆ ಕೈ ಹಾಕುವ ಮುಂಚೆ ಕೆಳಗಿನ ಮೇನ್ ಸ್ವಿಚ್ ಆರಿಸಿ, ಅದರ ಮುಂದೆ ಒಬ್ಬರನ್ನು ನಿಲ್ಲಿಸುತ್ತಿದ್ದರು. ಕೆಲಸ ಮುಗಿದ ಮೇಲೆ ತಾವೇ ಇಳಿದು ಬಂದು ಅವರ ಹೆಗಲು ಮುಟ್ಟುತ್ತಿದ್ದರು. ಆಮೇಲಷ್ಟೇ ಕರೆಂಟು. 

"ನಾ ಬಂದು ಹೆಗಲ ಮುಟ್ಟೂತನಕ ಹಾಕಬ್ಯಾಡ. ಯಾರ ಹೇಳಿದ್ರೂ ಹಾಕಬ್ಯಾಡ. ನನ್ನ ಫೋನ್ ಬಂದ್ರೂ ಹಾಕಬ್ಯಾಡ" ಎನ್ನುತ್ತಿದ್ದರು. 

ಮೇಲಿನ ಕೋಣೆಯಿಂದ ಫೋನ್ ಮಾಡಿದರೆ ಸಾಲದೇ, ಇದೇನು ಅತಿ ಎಂದು ಒಳಗೊಳಗೇ ನಗುತ್ತಿದ್ದೆ.

ಅಂಗಡಿಯ ಮಾಲೀಕರು ದಡ್ಡಿ ಊರಿನ ಕಡೆಯವರು, ಕುರಿ ಕಾಯ್ದು ಬೆಳೆದ ದೊಡ್ಡ ಮನೆತನ. ಅಂಗಡಿ ತೆರೆಯುವ ಮುಹೂರ್ತ ಹಿಂದಕ್ಕೆ ಮುಂದಕ್ಕೆ ಆಗುವುದಿಲ್ಲ ಎಂದು ಹಟ ಹಿಡಿದರು. ಲಿಫ್ಟ್ ಓಡುತ್ತಿತ್ತು, ಆದರೆ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬಂದಿರಲಿಲ್ಲ, ಲಿಫ್ಟಿನೊಳಗೆ ಕರೆಂಟ್ ಹೋದಾಗ ಉರಿಯುವ ಬ್ಯಾಟರಿ ದೀಪವೂ ಬಂದಿರಲಿಲ್ಲ. ಮೇಡಂ ಬೇಡ ಬೇಡ ಅಂದರೂ ಕೇಳುವವರು ಯಾರು? ಕಡೆಗೆ, ಪೂಜೆ ಮಾಡಿರಿ, ಆದರೆ ಕಾಯಿಯನ್ನು ಹೊರಗಿನ ಮೆಟ್ಟಿಲ ಮೇಲೆ ಒಡೆಯಿರಿ, ಒಳಗೆ ದೀಪ ಒಯ್ಯಬೇಡಿರಿ ಎಂದು ಕೈಮುಗಿದು ಹೇಳಿದರು.

ಎಲ್ಲರೂ ಹೂಂ ಹೂಂ ಅಂದರು. ಆದರೆ ಹೊಸ ಬಾಗಿಲು ಅಂದಮೇಲೆ ಹೊಸ್ತಿಲ ಮೇಲೆ ಕಾಯಿ ಒಡೆಯದಿದ್ದರೆ ನಮ್ಮ ಮಂದಿಗೆ ಸಮಾಧಾನವಿದೆಯೇ? ಮಾಲೀಕರ ತಮ್ಮ, ಎಲ್ಲರೂ ಕಾಕಾ ಅನ್ನುತ್ತಿದ್ದವರು, ಲಿಫ್ಟಿನ ಬಾಗಿಲು ಜಾರುವ ಕಬ್ಬಿಣದ ಹಳಿಯ ಮೇಲೆಯೇ ಫಟಾರನೆ ಕಾಯಿ ಒಡೆದರು. ನೀರು, ಚಿಪ್ಪಿನ ಚೂರು ಎಲ್ಲ ಸಂದಿಯೊಳಗೆ ಇಳಿಯಿತು. ಹಿಂದೆಯೇ ಮಾಲೀಕರ ತಾಯಿ, ಆ ಮನೆಯ ಹಿರಿಯ ಅಜ್ಜಿ, ಉರಿಯುವ ಆರತಿ ತಟ್ಟೆ ಹಿಡಿದು ಒಳಗೆ ನಿಂತಾಗಿತ್ತು. ಮೊದಲ ಸಲ ದೇವರ ದೀಪದೊಂದಿಗೆ ಹಿರಿಯರೊಬ್ಬರೇ ಹೋಗಬೇಕಂತೆ, ಉಳಿದವರು ಮೆಟ್ಟಿಲೇರಿ ಮೇಲೆ ಎದುರುಗೊಳ್ಳಬೇಕಂತೆ. ಮೇಡಂ ಗುಂಪು ಸರಿಸಿಕೊಂಡು ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮೊದಲ ಮಹಡಿ ದಾಟಿ ಲಿಫ್ಟ್ ಗಕ್ಕನೆ ನಿಂತಿತು. ಸಂದಿಯಲ್ಲಿ ಸಿಕ್ಕ ಚಿಪ್ಪಿನಿಂದ ಕೆಳಗಿನ ಬಾಗಿಲು ಕೂದಲೆಳೆಯಷ್ಟು ಹಿಂದೆ ಸರಿದಿತ್ತು. ಬಾಗಿಲು ತೆರೆದಿದೆ ಎಂದು ತಿಳಿದರೆ ಲಿಫ್ಟ್ ಮುಂದೆ ಹೋಗುವುದಿಲ್ಲ. ಅಜ್ಜಿಗೆ ದಮ್ಮು ಬೇರೆ. ಮೇಡಂ ಎರಡನೆಯ ಮಹಡಿಗೆ ಓಡಿ ಬಾಗಿಲ ಸಂದಿಗೆ ಬಾಯಿಟ್ಟು, ದೀಪ ಆರಿಸ್ರಿ ಅಜ್ಜಿ, ಹೊಗಿ ಆಕ್ಕೇತಿ ಎಂದು ಕೂಗಿದರು. ಒಳಗಿನಿಂದ ಕೆಮ್ಮಿನ ನಡುವೆ ಉತ್ತರ ಬಂತು.

"ಅಂಗಡಿ ಸುರುವಾದ ದಿನಾನ ದೇವರ ದೀಪಾ ನನ್ನ ಬಾಯಿಲೆ ಆರಸ್ಲೇನ? ಸತ್ರೂ ಆರಸಾಂಗಿಲ್ಲ!"

ಬಾಗಿಲು ಒತ್ತಿ ಹಿಡಿದು ಓಡಿಸಿದರೆ ಮತ್ತೆ ಎಲ್ಲಿ ನಿಲ್ಲುವುದೋ ಹೇಳಲಾಗದು, ಉಳಿದದ್ದು ಒಂದೇ ದಾರಿ. ಮಾಳಿಗೆಯ ಕೋಣೆಯಲ್ಲಿ ಮೋಟಾರಿಗೆ ಒಂದು ಕಬ್ಬಿಣದ ಚಕ್ರವಿರುತ್ತದೆ. ಕರೆಂಟ್ ಆರಿಸಿ, ಒಬ್ಬರು ಬ್ರೇಕ್ ಎತ್ತಿ ಹಿಡಿದರೆ ಇನ್ನೊಬ್ಬರು ಚಕ್ರವನ್ನು ಕೈಯಿಂದ ತಿರುವಿ ಲಿಫ್ಟನ್ನು ಸ್ವಲ್ಪಸ್ವಲ್ಪವೇ ಸರಿಸಬಹುದು. ಆ ಹೊತ್ತಿನಲ್ಲಿ ಕರೆಂಟ್ ಬಂದು, ಕೆಳಗೆ ಯಾರಾದರೂ ಬಾಗಿಲನ್ನು ಒತ್ತಿ ಮುಚ್ಚಿದರೆ ಮೋಟಾರ್ ತಿರುಗಿಬಿಡುತ್ತದೆ. ಚಕ್ರದ ಮೇಲಿನ ಕೈ... ಹೇಳುವುದೇ ಬೇಡ. ಕೆಳಗೆ ಹತ್ತು ಮಂದಿ ಆ ಬಾಗಿಲನ್ನೇ ದಬದಬ ಗುದ್ದುತ್ತಿದ್ದರು. ಮೇಡಂ ಸ್ವಿಚ್ ಆರಿಸಿ, ನನ್ನನ್ನು ಎಳೆದು ಅದರ ಮುಂದೆ ನಿಲ್ಲಿಸಿ, ಒಂದು ಕ್ಷಣ ನನ್ನ ಮುಖ ನೋಡಿ, ಬ್ರೇಕ್ ಎತ್ತಲು ಕಟ್ಟಡದ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಮೇಲೆ ಓಡಿದರು.

ಕರೆಂಟ್ ಹೋದದ್ದೇ ಲಿಫ್ಟಿನ ಲೈಟು, ಫ್ಯಾನು ಎರಡೂ ಬಂದಾದವು. ಅಜ್ಜಿಯ ಕೆಮ್ಮು ಕೆಳಗಿನತನಕ ಕೇಳತೊಡಗಿತು. ಎಲ್ಲರೂ ನನ್ನ ಕಡೆ ತಿರುಗಿದರು. ಫ್ಯಾನಾದರೂ ಹಚ್ಚು, ಮುದುಕಿ ಸಾಯಾಕತ್ತಾಳ ಎಂದು ಒಬ್ಬರು, ಈ ಹುಡುಗಿಗೆ ಏನ್ ತಿಳೀತೈತಿ ಎಂದು ಇನ್ನೊಬ್ಬರು. ಮೇಡಂ ಬರೂತನಕ ಹಾಕಂಗಿಲ್ರಿ ಅನ್ನುವ ಒಂದೇ ಮಾತು ನನ್ನ ಬಾಯಲ್ಲಿ. ಕಾಕಾ ಮೆಟ್ಟಿಲು ಹತ್ತಿ ಹೋದವರು ಏದುಸಿರು ಬಿಡುತ್ತ ಇಳಿದು ಬಂದರು.

"ಮೇಡಮ್ಮನ ಹೇಳ್ಯಾರ, ಹಾಕಂತ. ಸರಿ ಬಾಜೂಕ!"

ಅಬ್ಬಾ, ಅದೊಂದು ಕ್ಷಣ! ಖರೆ ಇದ್ದರೂ ಇರಬಹುದಲ್ಲ? ಅಷ್ಟು ದೊಡ್ಡ ಮನುಷ್ಯರು ಸುಳ್ಳು ಹೇಳುತ್ತಾರೆಯೇ? ನಾನು ಸರಿಯಲಿಲ್ಲ. ಅವರು ನನ್ನ ರಟ್ಟೆ ಹಿಡಿದು ಜಗ್ಗಿದರು. ನಾನು ತಿರುಗಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಮುಖವನ್ನು ಅದಕ್ಕೇ ಒತ್ತಿ ನಿಂತುಬಿಟ್ಟೆ. ಗಂಡಸರು ಹಾಗೆ ನಿಂತ ಹುಡುಗಿಯ ಮೈಗೆ ಕೈ ಹಚ್ಚಲು ಹಿಂಜರಿದರು. ಆಗ ಮಾಲೀಕರ ಹೆಂಡತಿ ಬಂದರು. ಜೋರು ಮಾಡಲಿಲ್ಲ, ಬೈಯಲಿಲ್ಲ. ನನ್ನ ಗದ್ದ ಹಿಡಿದು ಅಳುತ್ತ ಕೇಳಿದರು.

"ನಿಮ್ಮವ್ವ ಒಳಗಿದ್ರ ಹಿಂಗ ನಿಂದರ್ತಿದ್ದೇನವಾ?"

ನಾನೂ ಅತ್ತೆ. ಅಳುತ್ತಲೇ ಪೆಟ್ಟಿಗೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಎಷ್ಟು ಹೊತ್ತು ಹಾಗಿದ್ದೆನೋ... ಮೇಲೆ ಗುಲ್ಲೆದ್ದಿತು, ಬಂದ್ಲು ಬಂದ್ಲು ಅಂದರು. ಕೆಳಗಿನವರೆಲ್ಲ ಮೇಲೆ ಓಡಿದರು. ಅಜ್ಜಿ ಬೆವರಿನಲ್ಲಿ ತೊಯ್ದು ಹೊರಬಂದು, ಕೆಮ್ಮುತ್ತಲೇ ಉರಿಯುವ ದೀಪವನ್ನು ದೇವರ ಮುಂದಿಟ್ಟು, ಆಮೇಲೆ ಕುಸಿದು ಕುಳಿತರಂತೆ. ನಾನು ನೋಡಲಿಲ್ಲ. ಹೆಗಲ ಮೇಲೆ ಗ್ರೀಸ್ ಹತ್ತಿದ ಕೈ ಬೀಳುವತನಕ ನಾನು ಅಲ್ಲಿಂದ ಕದಲಲಿಲ್ಲ.

ಹಾಕೆಂದು ಮೇಡಂ ಹೇಳಿರಲೇ ಇಲ್ಲ. ಕಾಕಾ ಮಾಳಿಗೆಯತನಕ ಹೋಗಿಯೂ ಇರಲಿಲ್ಲ. ತಾಯಿಯ ಕೆಮ್ಮು ಕೇಳಲಾರದೆ ಹಾಗಂದೆ ಎಂದು ಆಮೇಲೆ ತಾವೇ ಹೇಳಿ, ನಮ್ಮಿಬ್ಬರನ್ನೂ ಪಂಕ್ತಿಯಲ್ಲಿ ಕೂಡಿಸಿ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುವುದಿಲ್ಲ.

ಸಿಟ್ಟು ಬಂದದ್ದು ಮೇಡಂ ಮೇಲೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆವು. ಅವರು ಲೋಟ ಕೆಳಗಿಟ್ಟು ತಮ್ಮ ಎರಡೂ ಅಂಗೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಭೇಷ್ ತಂಗಿ ಅನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಅಂದದ್ದೇ ಬೇರೆ.

"ನೀ ಹಾಕೇ ಹಾಕ್ತಿ ಅಂತ ಗೊತ್ತಿತ್ತ ನನಗ. ಸಣ್ಣಕಿ, ಅಷ್ಟ ಮಂದಿ ಮುಂದ ಹೆಂಗ ನಿಂದರ್ತಿ? ಹಾಕ್ತಿ ಅನ್ಕೊಂಡ ಚಕ್ರದ ಮ್ಯಾಲ ಕೈ ಇಟ್ಟೆ."

"ಮತ್ತ ಯಾಕ ಇಟ್ರಿ?" ಎಂದು ನಾನು ಸಿಡುಕಿದೆ.

"ಅಜ್ಜಿ ಕೆಮ್ಮಾಕತ್ತಿದ್ಲಲ್ಲ."

ಅಷ್ಟೇ. ಅರಭಾವಿ ಬಸ್ ಬಂತು, ಹತ್ತಿ ಹೋದರು. ನನ್ನ ಮೇಲೆ ನಂಬಿಕೆಯೇ ಇರಲಿಲ್ಲವಲ್ಲ ಎಂದು ಊರು ಮುಟ್ಟುವತನಕ ಕುದಿದೆ. ಇಂಟರ್ನ್‌ಶಿಪ್ ಮುಗಿಯಿತು, ನಾನೂ ಇದೇ ಕೆಲಸ ಹಿಡಿದೆ, ಆಗೀಗ ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದೆ. ಆಮೇಲೆ ಫೋನ್‌ಗಳು ಕಡಿಮೆಯಾದವು... ಹೋದ ವರ್ಷ ಮೂಡಲಗಿಯಲ್ಲಿ ಅವರ ಅಕ್ಕ ಸಿಕ್ಕು, ಕಿಡ್ನಿ ಕೆಟ್ಟು ಮೇಡಂ ತೀರಿಹೋದದ್ದನ್ನು ಹೇಳಿದರು. ಮಣ್ಣಾಗಿ ತಿಂಗಳುಗಳೇ ಕಳೆದಿದ್ದವು. ನಡು ಸಂತೆಯಲ್ಲಿ ನಿಂತು ಮಗುವಿನ ಹಾಗೆ ಅತ್ತೆ.

ಮೊನ್ನೆ ಹುಕ್ಕೇರಿಯಲ್ಲೂ ಲಿಫ್ಟ್ ನಡುವೆ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಸ್ವಿಚ್ಚಿನ ಪೆಟ್ಟಿಗೆಗೆ ನಾನೇ ಬೀಗ ಜಡಿದಿದ್ದೆ, ಕೀಲಿ ನನ್ನ ಕಿಸೆಯಲ್ಲೇ ಇತ್ತು. ಆದರೂ ಚಕ್ರದ ಮೇಲೆ ಕೈ ಇಡುವ ಮೊದಲು ಮತ್ತೊಮ್ಮೆ ಕೆಳಗಿಳಿದು ಬೀಗ ಜಗ್ಗಿ ನೋಡಿ ಬಂದೆ. ಮೇಡಂ ಹತ್ತಿರ ಬೀಗ ಇರಲಿಲ್ಲ, ಕೀಲಿ ಇರಲಿಲ್ಲ. ಇದ್ದದ್ದು ನಾನೊಬ್ಬಳು, ಆ ನನ್ನ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಹೆಂಗ ಇಟ್ರಿ ಮೇಡಂ ಕೈ, ಎಂದು ಕೇಳಬೇಕು ಅನಿಸಿತು. ಕೇಳೋಣವೆಂದರೆ ಅವರಿಲ್ಲ.