ಕೂಟಗಲ್ಲಿನ ಊಟ, ಶಿಶುವಿಹಾರದ ಗೇಟು

ನಾಗರತ್ನ, ಶಿಶುವಿಹಾರದ ಗೇಟಿನ ಚಿಲಕ ಮುರಿದಿದೆಯೆಂದು ನೀನು ನನಗೆ ಹೇಳಿದ್ದೆ. ಹೇಳಿಯೇ ಇಲ್ಲವೆಂಬಂತೆ ನಾನು ಸುಳ್ಳಾಡಿದೆ. ಆ ಸುಳ್ಳಿನಿಂದ ನಿನ್ನ ಕೆಲಸ ಹೋಯಿತು, ನಾನು ಟ್ರಸ್ಟಿಯಾಗಿಯೇ ಉಳಿದೆ.

ಇದನ್ನು ಅಳುತ್ತಾ ಬರೆಯುತ್ತಿಲ್ಲ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ — ಮೊದಲು ನನ್ನ ಮೇಲೆ, ಆಮೇಲೆ ಉಳಿದವರ ಮೇಲೆ.

ರೇಷ್ಮೆ ನೂಲು ತೆಗೆಯುವ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳಲೆಂದು ನಮ್ಮ ಟ್ರಸ್ಟು ರಾಮನಗರದಲ್ಲಿ ಆ ಶಿಶುವಿಹಾರ ತೆರೆದಿತ್ತು. ಅದರ ಹೊಣೆಯೆಲ್ಲ ನಿನ್ನದು. ಅವತ್ತು ನೀನು ಬಸ್ಸು ಹತ್ತಿ ಚನ್ನಪಟ್ಟಣಕ್ಕೆ, ನನ್ನ ಬಳೆ ಅಂಗಡಿಗೇ ಬಂದೆ. "ಅಕ್ಕ, ಗೇಟು ನಿಲ್ಲಾಕಿಲ್ಲ. ಎದ್ರುಗೇ ನೂಲು ತೆಗೆಯೋ ಶೆಡ್ಡು ಐತೆ. ಅಮ್ಮ ಅಂತ ಮಕ್ಳು ಓಡೋಗ್ಬುಡ್ತವೆ. ಒಸಿ ಮೀಟಿಂಗ್‌ನಲ್ಲಿ ಹೇಳಿ" ಅಂತ ಕೇಳಿದೆ. ಅಧ್ಯಕ್ಷರಿಗೆ ನೇರ ಹೇಳಲು ನಿನಗೆ ಹೆದರಿಕೆ. ಬೋರ್ಡಿನಲ್ಲಿದ್ದ ಹೆಂಗಸು ನಾನೊಬ್ಬಳೇ. ನಾನು ಹೇಳುತ್ತೇನೆ, ನೀನು ನಿಶ್ಚಿಂತೆಯಾಗಿ ಹೋಗು ಎಂದೆ. ಹಸಿರು ಬಳೆ ತೊಡಿಸಿ ಕಳಿಸಿದೆ. ದೊಡ್ಡ ಮನಸ್ಸಿನವಳು ನಾನು, ನೋಡು.

ನಮ್ಮ ಮೀಟಿಂಗು ಯಾವತ್ತೂ ಶಿಶುವಿಹಾರದಲ್ಲಿ ನಡೆದದ್ದಿಲ್ಲ. ನಡೆಯುತ್ತಿದ್ದುದು ಕೂಟಗಲ್ಲಿನಲ್ಲಿ, ಅಧ್ಯಕ್ಷ ಗೌಡರ ಮನೆಯ ಪಡಸಾಲೆಯಲ್ಲಿ — ಮೊದಲು ಊಟ, ಆಮೇಲೆ ಮಾತು. ಎಲ್ಲರಿಗೂ ಮುದ್ದೆ, ನಾಟಿಕೋಳಿ ಸಾರು. ನಾವು ಲಿಂಗಾಯತರು, ಮಾಂಸ ಮುಟ್ಟುವವರಲ್ಲವೆಂದು ಗೌಡರ ಹೆಂಡತಿ ಹಿತ್ತಲಲ್ಲಿ ಬೇರೆ ಒಲೆ ಹೂಡಿ, ನನಗೊಬ್ಬಳಿಗೆಂದೇ ಹಿತಕಿದ ಅವರೆಕಾಳಿನ ಸಾರು ಮಾಡುತ್ತಿದ್ದರು. ಬಡಿಸಿ, ಇನ್ನೊಂದು ಸೌಟು ಹಾಕಲೆಂದು ಪಕ್ಕದಲ್ಲೇ ನಿಲ್ಲುತ್ತಿದ್ದರು. ಅಂಥ ಊಟ ಉಂಡು, ಕೈ ತೊಳೆದು ಬಂದು, ಗೇಟು ಯಾಕೆ ಸರಿಮಾಡಿಸಿಲ್ಲ ಎಂದು ಆ ಮನೆಯ ಯಜಮಾನರನ್ನೇ ಹೇಗೆ ಕೇಳಲಿ? — ಆಗ ಹಾಗನ್ನಿಸಿತು. ಎಲೆ ಅಡಿಕೆ ಬಂತು. ಇನ್ನೇನಾದರೂ ವಿಷಯ ಇದೆಯೇ ಎಂದು ಗೌಡರು ಎಲ್ಲರನ್ನೂ ಕೇಳಿದರು. ನಾನು ಅಡಿಕೆ ಅಗಿಯುತ್ತಾ ಕೂತಿದ್ದೆ.

ಇದನ್ನು ನೆಪವಾಗಿ ಹೇಳುತ್ತಿಲ್ಲ. ಬೋರ್ಡಿನಲ್ಲಿ ನನಗಿದ್ದದ್ದು ಒಂದೇ ಕೆಲಸ — ಪ್ರಶ್ನೆ ಕೇಳುವುದು. ಅದನ್ನೇ ಮಾಡದವಳು ಅಲ್ಲಿ ಯಾಕೆ ಹೋಗಿ ಕೂತೆ? ಉಣ್ಣಲಿಕ್ಕೇ?

ಮುಂದಿನ ಮೀಟಿಂಗಿನವರೆಗೂ ಗೇಟು ಕಾಯಲಿಲ್ಲ. ನೀನು ಒಂದು ಕೂಸಿನ ಚಡ್ಡಿ ಬದಲಿಸುತ್ತಿದ್ದಾಗ ಎದುರು ಶೆಡ್ಡಿನಲ್ಲಿ ನೂಲು ತೆಗೆಯುವ ಶಬಾನಾಳ ಪುಟ್ಟ ಮಗಳು ಗೇಟು ತಳ್ಳಿಕೊಂಡು ಅಮ್ಮನ ಹತ್ತಿರ ಓಡಿತು. ರೇಷ್ಮೆಗೂಡು ಬೇಯಿಸುವ ತೊಟ್ಟಿಯ ಕುದಿನೀರಿಗೆ ಕೈ ಹಾಕಿತು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ನೀನೇ. ಆ ಕೈಯ ಬೆರಳುಗಳು ಇವತ್ತಿಗೂ ಪೂರ್ತಿ ಬಿಚ್ಚುವುದಿಲ್ಲ.

ಆ ವಾರವೇ ಕೂಟಗಲ್ಲಿನಲ್ಲಿ ತುರ್ತು ಸಭೆ. ಅಂದೂ ಊಟ ಇತ್ತು, ನನ್ನ ಬೇರೆ ಸಾರೂ ಇತ್ತು. ನಾನು ಉಂಡೆ ಕೂಡ. ನಿನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಗೌಡರು ನಮ್ಮ ಕಡೆ ತಿರುಗಿದರು. "ಗೇಟಿನ ವಿಷ್ಯ ಇವ್ಳು ಯಾರ್ಗಾದ್ರೂ ಹೇಳಿದ್ಲಾ?"

ನೀನು ನನ್ನನ್ನೇ ನೋಡುತ್ತಿದ್ದೆ. ಕೈಯಲ್ಲಿ ನಾನು ತೊಡಿಸಿದ ಬಳೆಗಳೇ ಇದ್ದವು.

"ನಂಗೊತ್ತಿಲ್ಲ" ಅಂದುಬಿಟ್ಟೆ.

ನೀನು ತುಟಿ ಬಿಚ್ಚಲಿಲ್ಲ. ನನ್ನ ಮಾನ ಉಳಿಸಿದೆಯೋ, ನಿನ್ನ ಮಾತನ್ನು ಯಾರು ನಂಬುತ್ತಾರೆ ಅಂದುಕೊಂಡೆಯೋ — ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ನಿನ್ನನ್ನು ತೆಗೆದುಹಾಕಲು ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಮಾರನೆಯ ದಿನವೇ ಗೇಟಿಗೆ ಹೊಸ ಚಿಲಕ ಬಂತು. ನೀನು ಮಾಗಡಿಗೆ, ಅಣ್ಣನ ಮನೆಗೆ ಹೋದೆ, ರವಿಕೆ ಹೊಲಿಯುತ್ತಿದ್ದೀಯೆಂದು ಕೇಳಿದೆ. ಈಗಲೂ ಊರಲ್ಲಿ ನಿನ್ನ ಹೆಸರು ಬಂದರೆ ಮಗುವಿನ ಕೈ ಸುಟ್ಟವಳು ಎನ್ನುತ್ತಾರೆ. ಅದನ್ನು ಕೇಳಿಸಿಕೊಂಡು ಇಷ್ಟು ವರ್ಷ ಬಳೆ ಮಾರಿದೆ, ಥೂ.

ಈಗ ಗೌಡರಿಗೆ ವಯಸ್ಸಾಯಿತು. ನನ್ನನ್ನು ಅಧ್ಯಕ್ಷೆ ಮಾಡುತ್ತಾರಂತೆ. ಒಪ್ಪಿದ್ದೇನೆ, ಆದರೆ ಇನ್ನು ಮೀಟಿಂಗು ಶಿಶುವಿಹಾರದಲ್ಲಿ, ಚಾಪೆಯ ಮೇಲೆ, ಊಟವಿಲ್ಲದೆ, ಮಕ್ಕಳ ತಾಯಂದಿರ ಮುಂದೆ ನಡೆಯಬೇಕೆಂದಿದ್ದೇನೆ. ಮೊದಲ ವಿಷಯ ನಿನ್ನದೇ ಎಂದೂ ಹೇಳಿದ್ದೇನೆ. ಹಳೆಯದನ್ನು ಕೆದಕಿದರೆ ಟ್ರಸ್ಟಿನ ಹೆಸರು ಕೆಡುತ್ತದೆ ಎಂದು ಒಬ್ಬರು ಬುದ್ಧಿ ಹೇಳಲು ಬಂದರು. ಕೆಡಲಿ. ನಿನ್ನ ಹೆಸರು ಕೆಟ್ಟಾಗ ಇವರಾರಿಗೂ ನಿದ್ದೆ ಕೆಟ್ಟಿರಲಿಲ್ಲ. ಗೌಡರು ಮಾತ್ರ ನೊಂದುಕೊಂಡು, "ನಮ್ಮನೇಲಿ ಉಣ್ಣಾಕಿಕ್ಕಿದ್ದು ತಪ್ಪಾಯ್ತಾ ಗಿರಿಜಮ್ಮ?" ಎಂದರು. ಇಕ್ಕಿದ್ದು ತಪ್ಪಲ್ಲ, ಉಂಡು ನಾನು ಸುಮ್ಮನಿದ್ದದ್ದು ತಪ್ಪು ಎಂದೆ.

ಕ್ಷಮಿಸು ಎಂದು ಕೇಳುವುದಿಲ್ಲ, ನಾಗರತ್ನ. ಕ್ಷಮಿಸಲೂ ಬೇಡ. ಬರುವ ಸೋಮವಾರ ಸಭೆ — ನೀನು ಬಂದರೂ ಸರಿ, ಬಾರದಿದ್ದರೂ ಸರಿ, ನಾನು ಹೇಳುವವಳೇ. ಶಬಾನಾ ಮಗಳನ್ನು ಕರೆದುಕೊಂಡು ಮುಂದೆ ಕೂರುತ್ತಾಳೆ. ಅಂದು ಕೇಳಿದ್ದನ್ನೇ ಇನ್ನೊಂದು ಸಲ ಕೇಳಬೇಕೆಂದು ಗೌಡರಿಗೆ ಹೇಳಿಟ್ಟಿದ್ದೇನೆ. ಅವರು ಕೇಳದಿದ್ದರೂ ಎದ್ದು ನಿಂತು ಉತ್ತರ ಕೊಡುತ್ತೇನೆ.

ಹೇಳಿದ್ಲು ಗೌಡ್ರೇ. ನಂಗೇ ಹೇಳಿದ್ಲು.