ಶಟರಿಗೆ ಬಿಟ್ಟ ಶೇಂಗಾ ಎಣ್ಣೆ

ಅಪ್ಪನ ಹಳೆಯ ರೀಲ್ ಕ್ಯಾಮೆರಾದ ಗುಂಡಿ ಒತ್ತಿದರೆ ಸದ್ದು ಬರುತ್ತಿತ್ತು, ಶಟರ್ ಮಾತ್ರ ತೆರೆಯುತ್ತಿರಲಿಲ್ಲ. ಮೊನ್ನೆ ಚಳ್ಳಕೆರೆಯ ಮನೆಯಲ್ಲಿ ಲೆನ್ಸ್ ಬಿಚ್ಚಿ ನೋಡಿದೆ. ಶಟರಿನ ತೆಳು ಎಲೆಗಳು ಗೋಂದಿನಂಥ ಜಿಗುಟಿನಲ್ಲಿ ಅಂಟಿಕೊಂಡಿದ್ದವು.

"ಇದಕ್ಕೇನು ಹಾಕಿದ್ದೆ?" ಎಂದು ಅಣ್ಣನನ್ನು ಕೇಳಿದೆ.

"ಅವ್ವನ ಫೋಟೋ ತೆಗಿಯೋ ದಿನ ಬಿಗಿಯಾಗೈತೆ ಅಂತ ಎರಡು ತೊಟ್ಟು ಶೇಂಗಾ ಎಣ್ಣೆ ಬಿಟ್ಟಿದ್ದೆ ಕಣ್ಲೇ. ಗಾಣದ್ದು, ಕಲಬೆರಕೆ ಇಲ್ಲ," ಎಂದ, ಹೆಮ್ಮೆಯಿಂದ.

ನಮ್ಮೂರಲ್ಲಿ ತುಕ್ಕು ಹಿಡಿದ ಬೀಗಕ್ಕೂ ಕೂಸಿನ ನೆತ್ತಿಗೂ ಅದೇ ಎಣ್ಣೆ.

ಅವ್ವ ಮೊಳಕಾಲ್ಮೂರು ಸೀರೆ ಉಟ್ಟು ಕೂತಿದ್ದ ಆ ರೋಲ್ ಪೂರ್ತಿ ಖಾಲಿ ಬಂದಿತ್ತು. "ನೀನು ಅಲ್ಲಾಡಿದ್ದಕ್ಕೇ ಹಾಳಾತು" ಎಂದು ಇಬ್ಬರೂ ಅವಳ ಮೇಲೆ ಹರಿಹಾಯ್ದಿದ್ದೆವು. "ತಪ್ಪಾತು ಕಣಪ್ಪ" ಎಂದಿದ್ದಳು. ಸಾಯುವವರೆಗೂ ಮತ್ತೆ ಯಾರ ಕ್ಯಾಮೆರಾದ ಮುಂದೆಯೂ ಕೂರಲಿಲ್ಲ.